ಟಗರು ಬದಲಿಸಿದ ಮನೆ

ಶಿರಗುಪ್ಪಿ,
೧೦ ಜೂನ್ ೨೦೨೪

ತಂಗಿ ಕೋಮಲಳಿಗೆ,

ಇಲ್ಲಿ ಮೂವರೂ ಉಂಡುಟ್ಟು ಇದ್ದೇವೆ. ನೀವೂ ಹಾಗೇ ಇದ್ದೀರಿ ಎಂದುಕೊಂಡು ಮುಂದಕ್ಕೆ ಬರೆಯುತ್ತೇನೆ.

ಫೋನು ಕೈಯಲ್ಲಿದ್ದೂ ಅಕ್ಕ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ನಿನ್ನ ಫೋನು ನಿನ್ನದಲ್ಲ. ನಾನು ಮಾತಾಡಿಸಿದಾಗಲೆಲ್ಲ ನಿನ್ನ ಅತ್ತೆ ಸ್ಪೀಕರ್ ಹಾಕಿಸಿ ಪಕ್ಕದಲ್ಲಿ ಕೂರುತ್ತಾರೆ. ನಾವು ಮಳೆ, ಎಮ್ಮೆ, ಬದನೆಕಾಯಿ ಪಲ್ಯ ಎಂದು ಮಾತಾಡಿ ಇಡುತ್ತೇವೆ. ಕೊಗನೊಳ್ಳಿಯ ಆ ಮನೆಯವರೆಲ್ಲ ಮರಾಠಿ ಶಾಲೆ ಕಲಿತವರು. ಕನ್ನಡ ಮಾತು ತಿಳಿದೀತು, ಅಕ್ಷರ ತಿಳಿಯದು. ಯಾರಾದರೂ ಕೇಳಿದರೆ ಅಂಗನವಾಡಿ ನೌಕರಿಗೆ ಅರ್ಜಿ ಹಾಕು ಎಂದು ಅಕ್ಕ ಬರೆದಿದ್ದಾಳೆ ಎನ್ನು. ಅಕ್ಕ ಅಂಗನವಾಡಿ ಟೀಚರ್ ಎಂಬುದು ಅವರಿಗೂ ಗೊತ್ತು, ನಂಬುತ್ತಾರೆ.

ಹೋದ ತಿಂಗಳು ಮಾಳೇಶನನ್ನು ಮಿರಜಕ್ಕೆ ಕರೆದುಕೊಂಡು ಹೋಗಿದ್ದೆವು. ಒಂಬತ್ತು ವರ್ಷದ ಹುಡುಗ, ಇನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲಾರ. ಸಂತೆಯ ಗದ್ದಲಕ್ಕೆ ತನ್ನ ಕೈ ತಾನೇ ಕಚ್ಚಿಕೊಳ್ಳುತ್ತಾನೆ. ಎಷ್ಟು ಡಾಕ್ಟರು, ಎಷ್ಟು ದೇವರು ಆದವೋ ಈಗ ನೆನಪೂ ಇಟ್ಟುಕೊಂಡಿಲ್ಲ. ಹೋಗುವುದು ರೂಢಿಯಾಗಿದೆ, ಹೋಗುತ್ತೇವೆ. ಈ ಸಲದ ಡಾಕ್ಟರಬಾಯಿ ಹೊಸಬರು. ಅವನ ಉದ್ದ ಮುಖ, ದೊಡ್ಡ ಕಿವಿ ನೋಡಿದವರು ಅವನನ್ನು ಬಿಟ್ಟು ನನ್ನನ್ನು ಕೇಳತೊಡಗಿದರು. ನಿಮ್ಮ ತವರಿನಲ್ಲಿ ವಯಸ್ಸಾದವರಿಗೆ ಯಾರಿಗಾದರೂ ಕೈ ನಡುಗುತ್ತದೆಯೇ, ನಡೆಯುವಾಗ ತೂರಾಡುತ್ತಾರೆಯೇ, ಹೆಣ್ಣುಮಕ್ಕಳಲ್ಲಿ ಯಾರದಾದರೂ ಮುಟ್ಟು ಬಲು ಬೇಗ ನಿಂತಿದೆಯೇ ಎಂದು.

ನನ್ನದು ನಿಂತು ವರ್ಷದ ಮೇಲಾಯಿತು ಕೋಮಲ, ಮೂವತ್ತಮೂರಕ್ಕೇ. ಈಶ್ವರ ಮಾಮಾನಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ಅವ್ವ ಇನ್ನೊಂದು ಹಡೆ ಎಂದಾಗಲೆಲ್ಲ ಹೂಂ ಎಂದು ಸಾಗಹಾಕುತ್ತಿದ್ದೆ. ಅಪ್ಪನ ಕೈಯಂತೂ ಊರಿಗೇ ಗೊತ್ತು. ಸಾರು ಮೈಮೇಲೆ ಚೆಲ್ಲುತ್ತದೆ ಎಂದು ಮದುವೆಮನೆಗಳಲ್ಲಿ ಪಂಕ್ತಿಗೆ ಕೂರುವುದನ್ನೇ ಬಿಟ್ಟಿದ್ದಾನೆ. ಕಾಮಣ್ಣ ಮುಂಜಾನೆಯೇ ಕುಡಿದಿರುತ್ತಾನೆ ಎಂದು ಜನ ಆಡಿಕೊಳ್ಳುತ್ತಾರೆ. ಒಂದು ದಿನವೂ ಕುಡಿಯದ ಮನುಷ್ಯ ಅದನ್ನೂ ಕೇಳಿಸಿಕೊಂಡು ಕುರಿ ಹೊಡೆದುಕೊಂಡು ಹೋಗುತ್ತಾನೆ.

ನಡುಕಕ್ಕೆ ಔಷಧ ಕೊಡಿಸುತ್ತೇವೆ ಎಂದು ಅಪ್ಪನನ್ನೂ ಕರೆಸಿ ಮೂವರ ರಕ್ತ ಕಳಿಸಿದೆವು. ನಿನ್ನೆ ಉತ್ತರ ಬಂತು. ಕಾಯಿಲೆಯ ಹೆಸರು ಫ್ರಾಜೈಲ್ ಎಕ್ಸ್. ಬಂದದ್ದು ಅಪ್ಪನಿಂದ. ಅಪ್ಪನಿಂದ ನನಗೆ, ನನ್ನಿಂದ ಮಾಳೇಶನಿಗೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಮಾಳೇಶನಿಗೆ ಮೂರು ತುಂಬಿದರೂ ಮಾತು ಬರದಿದ್ದಾಗ ಅಪ್ಪ ಹಟ್ಟಿಯಲ್ಲಿ ಕೂತು ಹೇಳಿದ್ದು ನಿನಗೆ ನೆನಪಿರಬೇಕು. “ಒಂದಽ ಹಿಂಡಿನ ಟಗರು ಇಟಗೊಂಡ್ರ ಮರಿ ಸೊಟ್ಟ ಬರತಾವ. ಅದಕ್ಕಽ ಟಗರು ಬದಲಸ್ತೀವಿ. ಕುರಿಗೆ ಮಾಡಿದ್ದು ಮಗಳಿಗೆ ಮಾಡಲಿಲ್ಲ ನಾ.” ಅವ್ವನ ತಮ್ಮ ಈಶ್ವರ ಮಾಮಾನಿಗೇ ನನ್ನನ್ನು ಕೊಟ್ಟದ್ದರಿಂದ ಹೀಗಾಯಿತು, ಅವ್ವನ ತವರಿನ ರಕ್ತವೇ ಕೆಟ್ಟದ್ದು ಎಂದು ತೀರ್ಮಾನವಾಯಿತು. ನಿನ್ನನ್ನು ನೆಂಟರಲ್ಲದ, ಗುರುತಿಲ್ಲದ ಮನೆಗೆ ಕೊಟ್ಟರು. ಕುರಿಯ ಮಟ್ಟಿಗೆ ಅಪ್ಪನ ಮಾತು ಸುಳ್ಳಲ್ಲ, ಡಾಕ್ಟರೂ ಒಳಗೊಳಗೆ ಮದುವೆ ಬೇಡ ಎನ್ನುತ್ತಾರೆ. ಆದರೆ ಈ ಕಾಯಿಲೆ ಆ ದಾರಿಯಿಂದ ಬಂದದ್ದಲ್ಲ. ಅಪ್ಪನ ಗಂಡುಮಕ್ಕಳಿಗೆ ಇದು ಹೋಗುವುದಿಲ್ಲ, ಹೆಣ್ಣುಮಕ್ಕಳಿಗೆ ತಪ್ಪುವುದಿಲ್ಲ. ನಾವು ಹೆಣ್ಣುಮಕ್ಕಳು ಇಬ್ಬರೇ. ಯಾರನ್ನು ಮದುವೆಯಾದರೂ ನಿನ್ನಲ್ಲಿ ಇದು ಇದೆ.

ಮಕ್ಕಳ ವಿಚಾರ ಮಾಡುವ ಮೊದಲು ಒಮ್ಮೆ ಮಿರಜಕ್ಕೆ ಬಾ. ಇಷ್ಟು ಬರೆಯುವುದರಲ್ಲೇ ಸುಸ್ತಾಗಿದೆ.

ನಿನ್ನ ಅಕ್ಕ,
ಮಲಕವ್ವ


ಕೊಗನೊಳ್ಳಿ,
೨೪ ಜೂನ್ ೨೦೨೪

ಅಕ್ಕ,

ನಿನ್ನ ಕಾಗದವನ್ನು ಪೋಸ್ಟಮನ್ ಕೈಯಿಂದ ಅತ್ತೆಯೇ ಇಸಿದುಕೊಂಡರು. ತಿರುವಿ ಮುರುವಿ ನೋಡಿ ಏನು ಬರೆದಿದ್ದಾಳೆ ಎಂದರು. ನೌಕರಿ ಅರ್ಜಿ ಎಂದೆ. ದನದ ಕೊಟ್ಟಿಗೆಯಲ್ಲಿ ನಿಂತು ಓದಿದೆ.

‘ವಿಚಾರ ಮಾಡುವ ಮೊದಲು’ ಎಂದು ಬರೆದಿದ್ದೀಯ. ನನಗೆ ಮೂರನೇ ತಿಂಗಳು. ಮೂರು ತುಂಬುವ ತನಕ ತವರಿಗೂ ಹೇಳಬಾರದು, ದೃಷ್ಟಿಯಾಗುತ್ತದೆ ಎಂದು ಇಲ್ಲಿ ಅಪ್ಪಣೆಯಾಗಿತ್ತು. ಹೇಳದೆ ಇದ್ದೆ. ದೃಷ್ಟಿ ಅಂಚೆಯಲ್ಲಿ ಬಂತು.

ಸಿಟ್ಟು ಬರುತ್ತಿದೆ, ಬರೆದೇ ಬಿಡುತ್ತೇನೆ. ನನಗೇನೂ ಈ ಮನೆ ಬೇಕಾಗಿರಲಿಲ್ಲ. ದೊಡ್ಡ ಮಾಮಾನ ಮಗ ವಿಠೋಬಾನಿಗೆ ನನ್ನನ್ನು ತೊಟ್ಟಿಲಲ್ಲಿದ್ದಾಗಲೇ ಮಾತಾಡಿದ್ದರು. ನನಗೂ ಅವನು ಆಗಬಹುದು ಎನ್ನಿಸಿತ್ತು, ಅವನಿಗೂ ಅಷ್ಟೇ. ನಿನ್ನ ಮಾಳೇಶ ಹೀಗಾದ ಎಂದು ಆ ಮಾತು ಮುರಿದರು. ನಾನು ಒಂದು ವಾರ ಅಳುತ್ತ ಕೂತೆ, ಆಮೇಲೆ ಬಾಯಿ ಮುಚ್ಚಿಕೊಂಡು ಬಂದೆ, ನನ್ನ ಮಕ್ಕಳಾದರೂ ನೆಟ್ಟಗಿರಲಿ ಎಂದು. ಇಲ್ಲಿ ಒಂದು ವರ್ಷ ಇವರ ಚೇಷ್ಟೆ ಮಾತು ತಿಳಿಯದೆ ಎಲ್ಲರೂ ನಕ್ಕ ಮೇಲೆ ನಕ್ಕೆ. ಈಗ ನೀನು ಕೂತು ಬರೆಯುತ್ತೀಯ, ಯಾರನ್ನು ಮದುವೆಯಾದರೂ ಒಂದೇ ಎಂದು.

ಅಕ್ಕನಿಗೆ ಇನ್ನು ಮಕ್ಕಳಾಗುವುದಿಲ್ಲ, ಅದಕ್ಕೆ ಹೀಗೆ ಬರೆದಳೇ ಎಂದೂ ಒಂದು ಗಳಿಗೆ ಅನ್ನಿಸಿತು. ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ.

ನನಗೆ ಏನೂ ಆಗಿಲ್ಲ. ಚೆನ್ನಾಗಿ ಉಣ್ಣುತ್ತೇನೆ. ನಿಲೇಶ ಕಾಗಲದ ಕಾರ್ಖಾನೆಯಿಂದ ಬರುವಾಗ ಹುಣಸೆ ಚಿಗಳಿ ತರುತ್ತಾನೆ. ಇನ್ನು ಮೇಲೆ ಇಂಥ ಕಾಗದ ಬರೆಯಬೇಡ.

ಕೋಮಲ


ಶಿರಗುಪ್ಪಿ,
೧ ಜುಲೈ ೨೦೨೪

ಕೋಮಲ,

ಬೇಡ ಎಂದರೂ ಬರೆಯುತ್ತಿದ್ದೇನೆ. ಸಿಟ್ಟಿಗೆದ್ದು ಹರಿದು ಹಾಕುವುದಾದರೆ ಓದಿ ಹರಿ.

ಹೊಟ್ಟೆಕಿಚ್ಚು ಇಲ್ಲ ಎನ್ನಲಾರೆ. ಹದಿನಾಲ್ಕು ವರ್ಷದಿಂದ ಬಸುರಿಯರ ತೂಕ ಬರೆಯುವ ಕೆಲಸ ನನ್ನದು, ಅದು ಇದ್ದೇ ಇರುತ್ತದೆ, ಹಳೆಯ ಹಲ್ಲುನೋವಿನ ಹಾಗೆ. ಆದರೆ ಈ ಕಾಗದ ಅದರಿಂದ ಬಂದದ್ದಲ್ಲ.

ಡಾಕ್ಟರಬಾಯಿ ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಪ್ರೋಟೀನು ಎಂದರೆ ಬೇಳೆ, ಮೊಟ್ಟೆ, ಶೇಂಗಾ ಎಂದೇ ನಾನು ತಾಯಂದಿರಿಗೆ ಹೇಳುತ್ತ ಬಂದವಳು. ದೇಹ ತನಗೆ ಬೇಕಾದ ಸಾವಿರಾರು ಪ್ರೋಟೀನುಗಳನ್ನು ತಾನೇ ಮಾಡಿಕೊಳ್ಳುತ್ತದಂತೆ. ಅವುಗಳಲ್ಲಿ ಒಂದಕ್ಕೆ ಉಳಿದವುಗಳನ್ನು ಕಾಯುವ ಕೆಲಸ. ಮಿದುಳಿನಲ್ಲಿ ಒಂದು ನರ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಜಾಗದಲ್ಲಿ ಯಾವ ಪ್ರೋಟೀನು ಯಾವಾಗ, ಎಷ್ಟು ಆಗಬೇಕು ಎಂದು ನೋಡಿಕೊಂಡು ಅದು ಕೆಲವನ್ನು ತಡೆಯುತ್ತದೆ, ಕೆಲವನ್ನು ಬಿಡುತ್ತದೆ. ನನಗೆ ತಲೆಗೆ ಹತ್ತಲಿಲ್ಲ. ಮಾಮಾನಿಗೆ ಹತ್ತಿತು. ಬಸ್ಸಿನಲ್ಲಿ ಹೇಳಿದ:

“ನಮ್ಮ ಫ್ಯಾಕ್ಟರಿ ಗೇಟಿನಾಂವ ಇದ್ದಂಗ ಅದು. ಹಂಗಾಮಿನಾಗ ಕಬ್ಬಿನ ಟ್ರ್ಯಾಕ್ಟರ್ ಸಾಲಗಟ್ಟಿ ನಿಂತಿರತಾವ. ಅಂವ ಒಂದ ಬಿಡತಾನ, ಒಂದ ತಡೀತಾನ. ಅಂವ ಇಲ್ಲಂದ್ರ ಎಲ್ಲಾ ಒಮ್ಮೇಲೆ ನುಗ್ಗತಾವ. ಕಬ್ಬು ಚಲೋದಽ ಇರತೈತಿ, ಡ್ರೈವರನೂ ಚಲೋನಽ ಇರತಾನ, ಆದ್ರ ಒಳಗ ಒಂದೂ ಅಲ್ಲಾಡಂಗಿಲ್ಲ.”

ಮಾಳೇಶನಲ್ಲಿ ಆ ಗೇಟಿನವನು ಇಲ್ಲವೇ ಇಲ್ಲ. ಸಂತೆಯ ಸದ್ದು, ಅಂಗಿಯ ಹೊಲಿಗೆ, ನನ್ನ ಮುಖ, ಎಲ್ಲವೂ ಒಮ್ಮೆಗೇ ನುಗ್ಗುತ್ತವೆ. ಅದಕ್ಕೇ ಅವನು ಕಣ್ಣು ತಪ್ಪಿಸುವುದು. ಇಷ್ಟು ವರ್ಷ ನಾನು ಅವನ ಗದ್ದ ಹಿಡಿದು ಅವ್ವನ ಮುಖ ನೋಡು ಎಂದು ತಿರುಗಿಸುತ್ತಿದ್ದೆ. ಅವನಿಗೆ ಅದು ನೋವಿನ ಕೆಲಸ ಎಂದು ನನಗೆ ಯಾರೂ ಹೇಳಿರಲಿಲ್ಲ.

ಯಾಕೆ ಇಲ್ಲ ಎಂದರೆ, ಆ ಪ್ರೋಟೀನು ಮಾಡುವ ಜೀನಿನ ಆರಂಭದಲ್ಲಿ ಒಂದು ತುಣುಕು ಭಜನೆಯ ಪಲ್ಲವಿಯ ಹಾಗೆ ಮತ್ತೆ ಮತ್ತೆ ಬರುತ್ತದಂತೆ. ಬೇರೆಯವರಲ್ಲಿ ಮೂವತ್ತು ಸಲ ಬಂದರೆ ಅಪ್ಪನಲ್ಲಿ, ನನ್ನಲ್ಲಿ ನೂರರ ಹತ್ತಿರ. ತಾಯಿಯಿಂದ ಮಗುವಿಗೆ ಹೋಗುವಾಗ ಅದು ಇನ್ನೂ ಬೆಳೆಯುತ್ತದೆ. ಇನ್ನೂರು ದಾಟಿತೋ, ದೇಹ ಹಾಡನ್ನೇ ನಿಲ್ಲಿಸುತ್ತದೆ. ಇನ್ನೂರು ಮುಟ್ಟದ ನಮ್ಮಂಥವರಿಗೆ ತೊಂದರೆ ಬೇರೆ. ಎಲ್ಲರಿಗೂ ಬರುತ್ತದೆ ಎಂದಿಲ್ಲ, ಅಪ್ಪನಿಗೆ ಕೈಕಾಲಿಗೆ ಬಂತು, ನನಗೆ ಅಂಡಾಶಯಕ್ಕೆ ಬಂತು. ಮೂರು ಜನರ ಮೂರು ರೋಗಕ್ಕೆ ನಾವು ಮೂರು ಕಡೆ ಹರಕೆ ಹೊತ್ತಿದ್ದೆವು.

ಈಗ ನಿನ್ನ ಮಾತು. ಆ ಜೀನು ನಿನಗೆ ಒಂದು ಅಪ್ಪನಿಂದ ಬಂದಿದೆ, ಒಂದು ಅವ್ವನಿಂದ. ಮಗುವಿಗೆ ಎರಡರಲ್ಲಿ ಒಂದನ್ನು ಕೊಟ್ಟಿದ್ದೀಯ. ಅವ್ವನದು ಹೋಗಿದ್ದರೆ ಏನೂ ಇಲ್ಲ. ಅಪ್ಪನದು ಹೋಗಿದ್ದರೆ, ಗಂಡಾದರೆ ಮಾಳೇಶನ ಹಾಗೆ. ಹೆಣ್ಣಾದರೆ ಹೇಳಲು ಬರುವುದಿಲ್ಲ, ಸ್ವಲ್ಪ ಆಗಬಹುದು, ಹೆಚ್ಚೂ ಆಗಬಹುದು. ನಾಲ್ಕು ತುಂಬಿದ ಮೇಲೆ ಹೊಟ್ಟೆಯ ನೀರನ್ನು ಸೂಜಿಯಲ್ಲಿ ತೆಗೆದು ನೋಡುತ್ತಾರೆ. ತಡಮಾಡಿದರೆ ಗೊತ್ತಾಗಿಯೂ ಪ್ರಯೋಜನವಿಲ್ಲ. ನಿಲೇಶನಿಗೆ ಹೇಳಲೇಬೇಕಾಗುತ್ತದೆ. ನಿನಗೆ ಇದು ಬಿಸಿತುಪ್ಪ ಎಂದು ಬಲ್ಲೆ, ಉಗುಳಲೂ ಆಗದು, ನುಂಗಲೂ ಆಗದು.

ಭಾನುವಾರ ಅಪ್ಪನಲ್ಲಿಗೆ ಹೋಗುತ್ತೇನೆ.

ಮಲಕವ್ವ


ರಾಯಬಾಗ,
೭ ಜುಲೈ ೨೦೨೪

ಕೋಮಲ, ಅಪ್ಪ ತಾನೇ ಬರೆಯುತ್ತೇನೆ ಎಂದು ಕೂತ. ಪೆನ್ನು ಹಾಳೆಯನ್ನೇ ಹರಿಯಿತು. ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ. ಮಲಕವ್ವ.

ಕೋಮಲವ್ವಾ, ನಾ ನಿಮ್ಮಪ್ಪ ಹೇಳಾಕತ್ತೀನಿ. ನಿಮ್ಮಕ್ಕ ಎಲ್ಲಾ ಹೇಳಿದ್ಲು. ಎರಡ ಸಲ ಹೇಳಿಸಿದ್ನಿ, ಮೊದಲನೇ ಸಲ ತಿಳೀಲಿಲ್ಲ.

ನನ್ನ ಕೈಗೆ ಕುಡದಾನ ಅಂದ್ರು. ಅನ್ಲಿ ಅಂದ್ನಿ. ನಿನ್ನ ಲಗ್ನದ ಮಾತಿನಾಗ ಬೀಗರು ಚಾದ ಕಪ್ಪು-ಬಶಿ ನನ್ನ ಕೈಯಾಗ ಕೊಟ್ಟು ನೋಡಿದ್ರು, ನೆನಪೈತಿ? ಚಾ ಚೆಲ್ಲಿತು. ನರದ ಅಶಕ್ತಿ ಅಂತ ನಿಮ್ಮ ದೊಡ್ಡ ಮಾಮಾ ಸಾವರಿಸಿದಾ. ತನ್ನ ಮಗನ್ನ ಬ್ಯಾಡಂದ ನಮ್ಮ ಸಲುವಾಗಿ ಅಂವ ಸುಳ್ಳ ಹೇಳಿದಾ. ಈಗ ನೋಡಿದ್ರ ಅದು ಖರೇನಽ ಆತು.

ನಾ ಟಗರು ಬದಲಿಸಿದ್ನಿ ಅಂತ ತಿಳಿದಿದ್ದೆ ತಂಗಿ. ಹೊರಗಿಂದು ತಂದ್ನಿ, ಇನ್ನ ಮರಿ ನೆಟ್ಟಗ ಬರತಾವ ಅಂತ. ಕೆಟ್ಟ ಟಗರು ನಾನಽ ಇದ್ದೆ. ಹಿಂಡಿನ ನಡುವ ನಿಂತು ಉಳಿದವರನ ಎಣಿಸಾಕತ್ತಿದ್ದೆ.

ನಿಮ್ಮವ್ವಗ ಹೇಳಿದ್ನಿ, ದುಂಡವ್ವ, ನಿನ್ನ ತವರಿಂದ ಏನೂ ಬಂದಿಲ್ಲ ಅಂತ. ಆಕಿ ರೊಟ್ಟಿ ಬಡೀತಿದ್ಲು. ನಿಲ್ಲಿಸಲಿಲ್ಲ. “ನನಗ ಯಾಕ ಹೇಳ್ತಿ, ನನ್ನ ಅಣ್ಣನ ಮನಿ ಮುಂದ ನಿಂತು ಹೇಳು” ಅಂದ್ಲು. ಹೋಗಬೇಕು. ಕಾಲು ಬಂದಂಗ ಹೋಗತೀನಿ.

ನೀ ತೋರಿಸ್ಕೋ. ಅಂಜಬ್ಯಾಡ ಅಂತ ಹೇಳಾಕ ನನಗ ಬಾಯಿಲ್ಲ. ಬೀಗರು ಏನರ ಅಂದ್ರ ನನ್ನ ಹೆಸರ ಹೇಳು, ನಮ್ಮಪ್ಪಂದ ಬಂದಿದ್ದು ಅನ್ನು. ಮನಿ ಬಿಟ್ಟ ಕಳಿಸಿದ್ರ ಬಾ. ಹಟ್ಟಿ ಐತಿ.

ನಿಮ್ಮಪ್ಪ,
ಕಾಮಣ್ಣ


ಕೊಗನೊಳ್ಳಿ,
೧೬ ಜುಲೈ ೨೦೨೪

ಅಕ್ಕ,

ಎರಡೂ ಕಾಗದ ಒಟ್ಟಿಗೇ ಬಂದವು. ನಿನ್ನದನ್ನು ಹರಿದಿಲ್ಲ. ಅಪ್ಪನದನ್ನು ಓದಿದ ಮೇಲೆ ಮೂರು ದಿನ ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಿದ್ದೆ. ಬಸುರಿಯ ಬೇಸರ ಎಂದು ಅತ್ತೆ ಶ್ಯಾವಿಗೆ ಪಾಯಸ ಮಾಡಿಕೊಟ್ಟರು. ಉಂಡೆ.

ನಿಲೇಶನಿಗೆ ಇನ್ನೂ ಹೇಳಿಲ್ಲ. ಅವನು ಕೆಟ್ಟವನಲ್ಲ ಅಕ್ಕ. ಅವನಿಗೆ ಹೇಳುವ ಮೊದಲು ನನಗೆ ನಿನ್ನಿಂದ ಒಂದು ಉತ್ತರ ಬೇಕು. ಫೋನಿನಲ್ಲಿ ಕೇಳುವ ಧೈರ್ಯ ಆಗಲಿಲ್ಲ, ಸ್ಪೀಕರ್ ಇಲ್ಲದಿದ್ದರೂ ಆಗುತ್ತಿರಲಿಲ್ಲ.

ಮಾಳೇಶ ಹೊಟ್ಟೆಯಲ್ಲಿದ್ದಾಗ ಯಾರಾದರೂ ನಿನಗೆ ಇದನ್ನೆಲ್ಲ ಹೇಳಿದ್ದರೆ, ಸೂಜಿ ಹಾಕಿ ನೋಡಿ ಹೌದು ಎಂದಿದ್ದರೆ, ನೀನು ಏನು ಮಾಡುತ್ತಿದ್ದೆ? ಮಾಳೇಶನನ್ನು ಎತ್ತಿಕೊಂಡು ಬೆಳೆಸಿದವಳು ನಾನೂ ಹೌದು. ನೀನು ಕೆಲಸಕ್ಕೆ ಹೋದಾಗ ನನ್ನ ಸೊಂಟದ ಮೇಲೆ ನಿದ್ದೆ ಮಾಡಿದ ಕೂಸು ಅದು. ಅಂಥ ಮಗು ಬೇಡ ಎಂದು ನಾನು ಆಸ್ಪತ್ರೆಗೆ ಹೋದರೆ, ಮುಂದೆ ಅವನ ಮುಂದೆ ಹೇಗೆ ಕೂರಲಿ? ನೀನು ಹೇಗೆ ನನ್ನನ್ನು ಮನೆಗೆ ಕರೆಯುತ್ತೀಯ?

ಸುಮ್ಮನೆ ಸಮಾಧಾನ ಮಾಡಬೇಡ. ಖರೆ ಬರೆ.

ಕೋಮಲ


ಶಿರಗುಪ್ಪಿ,
೨೨ ಜುಲೈ ೨೦೨೪

ಕೋಮಲ,

ಕೃಷ್ಣೆ ಏರಿದೆ. ಕೆಳಗಿನ ಸೇತುವೆ ಮುಳುಗಿದೆ. ಈ ಕಾಗದ ಯಾವ ಸುತ್ತು ಹಾಕಿ ಬರುತ್ತದೋ ಗೊತ್ತಿಲ್ಲ. ಅಂಗನವಾಡಿಗೆ ನಾಲ್ಕೇ ಮಕ್ಕಳು ಬಂದಿವೆ, ಮಾಳೇಶ ಮೂಲೆಯಲ್ಲಿ ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೂತಿದ್ದಾನೆ. ಇಲ್ಲಿಯೇ ಕೂತು ಬರೆಯುತ್ತಿದ್ದೇನೆ.

ತೆಗೆಸುತ್ತಿದ್ದೆ.

ಈ ಮಾತನ್ನು ಮಾಮಾನಿಗೂ ಹೇಳಿಲ್ಲ. ನಿನ್ನ ಕಾಗದ ಬಂದ ಮೇಲೆ ಎಷ್ಟು ತಿರುವಿ ಹಾಕಿದರೂ ಅದೇ ಉತ್ತರ ಬರುತ್ತದೆ. ನನಗೆ ಆಗ ಇಪ್ಪತ್ತೈದು. ಗೊತ್ತಾಗಿದ್ದರೆ ಒಂದು ವಾರ ಅತ್ತು, ತೆಗೆಸಿ, ಇನ್ನೊಂದಕ್ಕೆ ಕಾಯುತ್ತಿದ್ದೆ. ಒಂಬತ್ತು ವರ್ಷ ಮೈಮೇಲೆ ಹಲ್ಲ ಗುರುತು, ನಿದ್ದೆಯಿಲ್ಲದ ಕಣ್ಣು, ಬಸ್ಸಿನಲ್ಲಿ ಜನ ಎದ್ದು ಬೇರೆ ಸೀಟಿಗೆ ಹೋಗುವುದು, ಇದಾವುದೂ ಇರುತ್ತಿರಲಿಲ್ಲ. ಇದು ಒಳ್ಳೆಯ ಬಾಳು ಎಂದು ನಿನಗೆ ಸುಳ್ಳು ಹೇಳಲಾರೆ. ನಾನು ಸತ್ತ ಮೇಲೆ ಅವನಿಗೆ ಗುಂಡಿ ಹಾಕುವವರು ಯಾರು ಎಂಬುದನ್ನು ವಿಚಾರ ಮಾಡುವುದನ್ನು ಬಿಟ್ಟಿದ್ದೇನೆ, ಆ ವಿಚಾರಕ್ಕೆ ಕೊನೆಯಿಲ್ಲ.

ಆದರೆ ನೀನು ಕೇಳಿದ್ದು ಹೊಟ್ಟೆಯಲ್ಲಿದ್ದ, ನಾನು ಕಾಣದ ಮಗುವಿನ ಮಾತು. ಇಲ್ಲಿ ಮುಚ್ಚಳ ತಿರುಗಿಸುತ್ತ ಕೂತಿರುವವನು ಬೇರೆ. ಇವನು ಮಳೆ ಬಂದರೆ ನನ್ನ ಚಪ್ಪಲಿ ಒಳಗೆ ತಂದಿಡುತ್ತಾನೆ. ನನ್ನದೊಂದೇ, ಬೇರೆ ಯಾರದ್ದೂ ಇಲ್ಲ. ಇವನನ್ನು ಯಾರಾದರೂ ಈಗ ಬಂದು ಕೊಡು, ಬದಲಿಗೆ ನೆಟ್ಟಗಿರುವ ಒಂದನ್ನು ಕೊಡುತ್ತೇವೆ ಎಂದರೆ ಅವರ ಕೈ ನಾನು ಕಚ್ಚುತ್ತೇನೆ. ಎರಡೂ ಖರೆ. ಒಂದು ಖರೆಯಾದರೆ ಇನ್ನೊಂದು ಸುಳ್ಳಾಗಬೇಕು ಎಂದು ನೀನು ಓದಿದವಳು ತಿಳಿದಿರಬಹುದು, ನನಗೆ ಹಾಗೆ ಆಗಲಿಲ್ಲ.

ನೀನು ಹೋಗಿ ತೋರಿಸಿಕೋ. ಏನು ಬಂದರೂ, ಏನು ಮಾಡಿದರೂ ನನ್ನ ಮನೆಯ ಬಾಗಿಲು ನಿನಗೆ ತೆರೆದಿರುತ್ತದೆ. ಇಟ್ಟುಕೊಂಡರೂ ಒಳಗೆ ಬಾ, ಬಿಟ್ಟರೂ ಬಾ. ಮಾಳೇಶನಿಗೆ ನಿನ್ನ ಮೇಲೆ ಸಿಟ್ಟು ಬರುವುದಿಲ್ಲ. ನನಗೆ ಬಂದರೆ ಅದನ್ನು ನಾನು ನೋಡಿಕೊಳ್ಳುತ್ತೇನೆ.

ಅಕ್ಕ


ಕೊಗನೊಳ್ಳಿ,
೧೪ ಆಗಸ್ಟ್ ೨೦೨೪

ಅಕ್ಕ,

ಹೇಳಿದೆ. ನಿಲೇಶ ಊಟಕ್ಕೆ ಕೂತಿದ್ದ. ಎಲ್ಲ ಕೇಳಿ ಮೊದಲು ಅವನ ಬಾಯಿಂದ ಬಂದದ್ದು, “ಮಗ ಮಾಝ್ಯಾಕಡೂನ ಕಾಹಿ ನಾಹಿ ನಾ?” ಅಂದರೆ ತನ್ನ ಕಡೆಯಿಂದ ಏನೂ ಇಲ್ಲ ತಾನೆ ಎಂದು. ಇಲ್ಲ ಎಂದೆ. ಆಮೇಲೆ ತಾನು ಕೇಳಿದ್ದು ತನಗೇ ನಾಚಿಕೆಯಾಯಿತೋ ಏನೋ, ತಟ್ಟೆ ತಾನೇ ತೊಳೆದಿಟ್ಟ.

ಅತ್ತೆಗೆ ಅವನೇ ಹೇಳಿದ. ಮೋಸ ಮಾಡಿದರು, ಚಹಾ ಚೆಲ್ಲಿದ ದಿನವೇ ನನಗೆ ಅನ್ನಿಸಿತ್ತು ಎಂದು ಅತ್ತೆ ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಕೇಳುವಂತೆ ಅಂದರು. ತವರಿಗೆ ಕಳಿಸುವ ಮಾತೂ ಬಂತು. ನಾನು ಅಪ್ಪ ಹೇಳಿಕೊಟ್ಟಂತೆಯೇ ಅಂದೆ, ಹೌದು, ನಮ್ಮ ಅಪ್ಪನಿಂದ ಬಂದಿದ್ದು, ಅವನಿಗೂ ಗೊತ್ತಿರಲಿಲ್ಲ. ಹದಿನೈದು ದಿನ ನನ್ನ ಜೊತೆ ಮಾತಿಲ್ಲ. ಆದರೆ ಆಸ್ಪತ್ರೆಗೆ ಹೊರಟ ದಿನ ನೋಡಿದರೆ ದಾರಿಗೆಂದು ಡಬ್ಬಿಯಲ್ಲಿ ದಶಮಿ ರೊಟ್ಟಿ ಕಟ್ಟಿಕೊಂಡು ಅವರೂ ಜೀಪಿನಲ್ಲಿ ಕೂತಿದ್ದರು. ಆ ಹೆಂಗಸಿನ ಲೆಕ್ಕ ನನಗೆ ಇನ್ನೂ ಸಿಕ್ಕಿಲ್ಲ.

ಗಂಡೋ ಹೆಣ್ಣೋ ಹೇಳುವುದಿಲ್ಲ, ಕೇಳಲೂಬಾರದು ಎಂದು ಮೊದಲೇ ಸಹಿ ಮಾಡಿಸಿಕೊಂಡರು. ಸೂಜಿಗಿಂತ ಅದಕ್ಕೆ ಮೊದಲು ಹಚ್ಚುವ ತಣ್ಣನೆಯ ಔಷಧಕ್ಕೇ ಹೆಚ್ಚು ಅಂಜಿದೆ. ಪರದೆಯ ಮೇಲೆ ಅದು ಕಾಲು ಒದೆಯುತ್ತಿತ್ತು. ನೋಡಬಾರದಿತ್ತು, ನೋಡಿಬಿಟ್ಟೆ. ಉತ್ತರ ಬರಲು ಇಪ್ಪತ್ತು ದಿನವಾದರೂ ಬೇಕಂತೆ.

ನೀನು ಖರೆ ಬರೆದಿದ್ದಕ್ಕೆ ನಾನೂ ಖರೆ ಬರೆಯುತ್ತೇನೆ. ಅಪ್ಪನದು ಬಂದಿದ್ದರೆ ನಾನು ಇಟ್ಟುಕೊಳ್ಳುವುದಿಲ್ಲ. ನಿಲೇಶ ಹೇಳಿದ ಎಂದಲ್ಲ, ಅತ್ತೆ ಹೇಳಿದರು ಎಂದೂ ಅಲ್ಲ. ನಾನು ನಿನ್ನಷ್ಟು ಗಟ್ಟಿ ಇಲ್ಲ. ಇದನ್ನು ಮಾಳೇಶನ ತಾಯಿಗೆ ಬರೆಯುತ್ತಿದ್ದೇನೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಬೇರೆ ಯಾರಿಗೆ ಬರೆಯಲಿ.

ವಿಠೋಬಾನಿಗೆ ಹೆಣ್ಣು ಗೊತ್ತಾಯಿತು ಎಂದು ಅವ್ವ ಫೋನಿನಲ್ಲಿ ಹೇಳಿದಳು. ಒಳ್ಳೆಯದಾಗಲಿ. ಸ್ಪೀಕರಿನಲ್ಲಿಯೇ ಹೇಳಿದಳು, ನಾನೂ ಸ್ಪೀಕರಿನಲ್ಲಿಯೇ ಒಳ್ಳೆಯದಾಗಲಿ ಎಂದೆ.

ಕೋಮಲ


ಶಿರಗುಪ್ಪಿ,
೫ ಸೆಪ್ಟೆಂಬರ್ ೨೦೨೪

ಕೋಮಲ,

ನಿನ್ನೆ ನಿನ್ನ ಫೋನು ಬಂದಾಗ ನಾನು ಜೋಳ ಹಸನು ಮಾಡುತ್ತಿದ್ದೆ. ನೀನು ಅಳುತ್ತಿದ್ದೆ, ಹಿಂದೆ ನಿನ್ನ ಅತ್ತೆಯೂ ಅಳುತ್ತಿದ್ದರು, ಒಂದೂ ತಿಳಿಯಲಿಲ್ಲ. ಆಮೇಲೆ ನಿಲೇಶ ಫೋನು ಇಸಿದುಕೊಂಡು ತನ್ನ ಮುರುಕು ಕನ್ನಡದಲ್ಲಿ ಹೇಳಿದ, “ಅಕ್ಕಾ, ನಿಮ್ಮ ಆಯೀದು ಬಂದೈತಿ. ಆಯೀದು.” ಅವ್ವನದು ಬಂದಿದೆ. ಮಗುವಿಗೆ ಏನೂ ಇಲ್ಲ.

ಅವ್ವನಿಗೆ ನಾನೇ ಫೋನು ಮಾಡಿದೆ. “ಕೂಸಿಗೆ ಬಂದದ್ದು ನನ್ನ ತವರಿಂದಽ ಹೌದಲ್ಲ?” ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಅಪ್ಪ ಆಗಲೇ ದೊಡ್ಡ ಮಾಮಾನ ಮನೆಗೆ ಹೋಗಿ ಬಂದಿದ್ದಾನಂತೆ. ಅಲ್ಲಿ ಏನಾಯಿತು ಎಂದು ಇಬ್ಬರೂ ಹೇಳಲಿಲ್ಲ. ಅವನು ಫೋನಿಗೆ ಬರಲಿಲ್ಲ, ದೂರದಿಂದ ಹೂಂ ಎಂದದ್ದು ಕೇಳಿಸಿತು.

ನನಗೆ ಸಂತೋಷವಾಯಿತು ಕೋಮಲ. ಎಷ್ಟು ತಿಂಗಳಾದ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತೆ. ಇದನ್ನು ಮೊದಲು ನಂಬು. ಮುಂದಿನದನ್ನು ಬರೆಯಬಾರದು ಎಂದಿದ್ದೆ. ಖರೆ ಬರೆಯುವ ರೂಢಿ ನೀನೇ ಹಚ್ಚಿದ್ದು.

ಮಾಮಾ ಡಬ್ಬಿಯಿಂದ ಸಕ್ಕರೆ ತೆಗೆದು ಬಟ್ಟಲಿಗೆ ಹಾಕಿಕೊಟ್ಟ. ಓಣಿಯಲ್ಲಿ ಹಂಚಲು ಹೋದೆ. ಸಾವಿತ್ರೆವ್ವಾಯಿ ಅಂಗೈ ಒಡ್ಡಿ ಏನು ಸುದ್ದಿ ಎಂದು ಕೇಳಿದಳು. “ತಂಗಿ ಹೊಟ್ಯಾಗಿನ ಕೂಸು ಆರಾಮ ಐತಂತ್ರಿ,” ಎಂದೆ. ಇನ್ನೂ ಹುಟ್ಟೇ ಇಲ್ಲ, ಈಗಲೇ ಸಕ್ಕರೆಯೇ ಎಂದು ಅವಳು ನಕ್ಕಳು. ನಾನೂ ನಕ್ಕೆ. ಎಲ್ಲ ಮನೆ ಮುಗಿಸಿ ತಿರುಗಿ ಬಂದಾಗ ಬಟ್ಟಲಿನ ತಳದಲ್ಲಿ ಸ್ವಲ್ಪ ಉಳಿದಿತ್ತು.

ಮಾಳೇಶ ಹೊಸ್ತಿಲಲ್ಲಿ ನಿಂತಿದ್ದ. ಎಲ್ಲರೂ ಚಾಚಿದ್ದನ್ನು ನೋಡಿ ಅವನೂ ಕೈ ಚಾಚಿದ. ಮುಖ ಆ ಕಡೆ ಇತ್ತು, ಕೈ ನನ್ನ ಕಡೆ. ಅವನಂಥ ಮಗು ಹುಟ್ಟುವುದಿಲ್ಲ ಎಂದು ನಾನು ಓಣಿ ತುಂಬ ಹಂಚಿ ಬಂದ ಸಕ್ಕರೆ ಅದು. ಅವನ ಕೈಗೆ ಹಾಕಿದೆ. ನೆಕ್ಕಿ ಮುಗಿಸಿ ಮತ್ತೆ ಚಾಚಿದ. ಉಳಿದದ್ದನ್ನೂ ಹಾಕಿದೆ.

ನಿನ್ನ ಅಕ್ಕ,
ಮಲಕವ್ವ